ಸಿ ಡ್ರೈವಿನ ಚರಿತ್ರೆ: ಬಾಡಿಗೆಯ ತಟ್ಟೆಯಿಂದ ಬೆಸುಗೆಯ ಚಿಪ್ಪಿನವರೆಗೆ

ಲ್ಯಾಪ್‌ಟಾಪಿನ ಪರದೆಯ ಮೇಲೆ ಸಿ ಡ್ರೈವಿನ ಪಟ್ಟಿ ಕೆಂಪಾಗುವುದನ್ನು ಕಾಣದವರು ನಮ್ಮಲ್ಲಿ ವಿರಳ. ಕೊಳ್ಳುವಾಗ 128 ಜಿಬಿ ಎಂದು ಬರೆದಿದ್ದ ಡ್ರೈವನ್ನು ವಿಂಡೋಸ್ 119 ಜಿಬಿ ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದೇ ಇದಕ್ಕೆ ಕಾರಣ. ಅದರಲ್ಲಿ ವಿಂಡೋಸ್ ತನ್ನ ಪಾಲನ್ನೂ ಲ್ಯಾಪ್‌ಟಾಪ್ ತಯಾರಕರು ಮರುಸ್ಥಾಪನೆಗೆಂದು ಕಾದಿರಿಸಿದ ಪಾಲನ್ನೂ ಕಳೆದ ಮೇಲೆ ಉಳಿದದ್ದು ಒಡೆಯನಿಗೆ. ಎರಡು ಮೂರು ವರ್ಷಗಳಲ್ಲಿ ಆ ಉಳಿಕೆಯೂ ತೀರುತ್ತದೆ. ಆಗ ನಾವು ಮುಂಬಯಿಯಲ್ಲಿದ್ದರೆ ಲ್ಯಾಮಿಂಗ್ಟನ್ ರಸ್ತೆಗೆ, ದೆಹಲಿಯಲ್ಲಿದ್ದರೆ ನೆಹರೂ ಪ್ಲೇಸಿಗೆ, ಚೆನ್ನೈಯಲ್ಲಿ ರಿಚಿ ಸ್ಟ್ರೀಟಿಗೆ, ಸಿಕಂದರಾಬಾದಿನಲ್ಲಿ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುತ್ತೇವೆ. ಅಂಗಡಿಯವನು ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಹಳೆಯ ಡ್ರೈವನ್ನು ತೆಗೆದು, 512 ಜಿಬಿಯದೋ 1 ಟಿಬಿಯದೋ ಹೊಸದೊಂದನ್ನು ಕೂರಿಸಿಕೊಡುತ್ತಾನೆ.

ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಭಾಗದಲ್ಲಿ ಮುಗಿಯುವ ಈ ಕೆಲಸದ ಹಿಂದೆ ಎಪ್ಪತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಸಾಮಾನ್ಯವಾಗಿ ಎಂಬಿ, ಜಿಬಿ, ಟಿಬಿಗಳ ಏರಿಕೆಯ ಕಥೆಯಾಗಿ ಹೇಳುವುದು ರೂಢಿ. ಅದನ್ನು ಇನ್ನೊಂದು ಬಗೆಯಲ್ಲಿಯೂ ಓದಬಹುದು: ನಮ್ಮ ಬರಹ, ಚಿತ್ರ, ದಾಖಲೆಗಳು ಕುಳಿತಿರುವ ಜಾಗ ಯಾರದು? ಅದನ್ನು ಹಿಗ್ಗಿಸುವ ಅಧಿಕಾರ ಯಾರ ಕೈಯಲ್ಲಿತ್ತು, ಈಗ ಯಾರ ಕೈಗೆ ಹೋಗುತ್ತಿದೆ? ಈ ಲೇಖನದಲ್ಲಿ ನಾವು ಹಿಡಿದಿರುವುದು ಈ ಎರಡನೆಯ ದಾರಿಯನ್ನು.

ಆರಂಭ 1956ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಐಬಿಎಂ ಕಂಪನಿ 305 ರಾಮ್ಯಾಕ್ ಎಂಬ ಗಣಕವನ್ನು ಪ್ರಕಟಿಸಿತು. ಅದರ ಅಂಗವಾಗಿದ್ದ 350 ಎಂಬ ಘಟಕವೇ ಮಾರುಕಟ್ಟೆಗೆ ಬಂದ ಮೊದಲ ಹಾರ್ಡ್‌ಡಿಸ್ಕ್. ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ರೆನಾಲ್ಡ್ ಜಾನ್ಸನ್ ಹಿಂದೆ ಶಾಲಾ ಉಪಾಧ್ಯಾಯರಾಗಿದ್ದವರು. ಅದುವರೆಗೆ ಲೆಕ್ಕಪತ್ರಗಳು ರಂಧ್ರ ಹೊಡೆದ ಕಾರ್ಡುಗಳಲ್ಲಿಯೋ ಟೇಪಿನಲ್ಲಿಯೋ ಇರುತ್ತಿದ್ದವು. ನಡುವಿನ ಒಂದು ದಾಖಲೆ ಬೇಕಾದರೂ ಮೊದಲಿನಿಂದ ತಿರುವುತ್ತ ಹೋಗಬೇಕಿತ್ತು. ತಟ್ಟೆಯ ಮೇಲೆ ಬರೆದರೆ ಓದುವ ಕೈ ನೇರವಾಗಿ ಬೇಕಾದ ಕಡೆಗೇ ಹೋಗಬಲ್ಲದು. 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದೇ ಕಂಬಕ್ಕೆ ಪೋಣಿಸಲ್ಪಟ್ಟು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು. ಇಷ್ಟೆಲ್ಲ ಸೇರಿ ಹಿಡಿದಿಡುತ್ತಿದ್ದುದು 50 ಲಕ್ಷ ಅಕ್ಷರಗಳನ್ನು, ಇಂದಿನ ಎಣಿಕೆಯಲ್ಲಿ ಸುಮಾರು 3.75 ಎಂಬಿ. ಇಂದಿನ ಫೋನಿನ ಒಂದು ಫೋಟೊಕ್ಕೆ ಅದು ಸರಿಹೋದೀತು.

ರಾಮ್ಯಾಕ್ ಅನ್ನು ಐಬಿಎಂ ಬಾಡಿಗೆಗೆ ಕೊಡುತ್ತಿತ್ತು. ಇಡೀ ವ್ಯವಸ್ಥೆಗೆ ತಿಂಗಳ ಬಾಡಿಗೆ 3,200 ಡಾಲರ್. ದತ್ತಾಂಶ ಗ್ರಾಹಕನದು, ತಟ್ಟೆ ಕಂಪನಿಯದು. ಜಾಗ ಸಾಲದೆ ಬಂದರೆ ಕಂಪನಿಯನ್ನೇ ಕೇಳಬೇಕು. ಡಿಸ್ಕಿನ ಚರಿತ್ರೆ ಬಾಡಿಗೆಯಿಂದ ಆರಂಭವಾಯಿತೆಂಬ ಸಂಗತಿಯನ್ನು ಇಲ್ಲಿ ಗುರುತಿಟ್ಟುಕೊಳ್ಳೋಣ.

ಬಳಸುವವನ ಕೈಗೆ ಮೊದಲ ಸ್ವಾತಂತ್ರ್ಯ ಬಂದದ್ದು 1962ರಲ್ಲಿ, ಅದೇ ಕಂಪನಿಯ 1311 ಎಂಬ ಡ್ರೈವಿನಿಂದ. ಅದರಲ್ಲಿ 14 ಅಂಗುಲದ ಆರು ತಟ್ಟೆಗಳ ಕಟ್ಟೊಂದನ್ನು ಮುಚ್ಚಳ ತೆಗೆದು ಎತ್ತಿಕೊಂಡು ಇನ್ನೊಂದನ್ನು ಇಡಬಹುದಿತ್ತು. ಕಟ್ಟಿನ ತೂಕ ಸುಮಾರು 4.5 ಕಿಲೊ, ಸಾಮರ್ಥ್ಯ 20 ಲಕ್ಷ ಅಕ್ಷರ. ಒಂದು ತುಂಬಿದರೆ ಮತ್ತೊಂದು. ಯಂತ್ರ ಬೇರೆ, ಸಂಗ್ರಹ ಬೇರೆ; ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸಬಹುದು ಎಂಬ ವಿಚಾರ ಅಂದು ವ್ಯವಹಾರಕ್ಕೆ ಬಂದಿತು. 1973ರಲ್ಲಿ 'ವಿಂಚೆಸ್ಟರ್' ಎಂಬ ಅಡ್ಡಹೆಸರಿನ 3340 ಡ್ರೈವು ಬಂದು, ತಟ್ಟೆಯನ್ನೂ ಓದುವ ಕೈಯನ್ನೂ ಧೂಳು ಹೊಗದ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿತು. ಮುಂದಿನ ಹಾರ್ಡ್‌ಡಿಸ್ಕುಗಳೆಲ್ಲ ಆ ಮುಚ್ಚಿದ ಪೆಟ್ಟಿಗೆಯ ಸಂತತಿ.

ಆ ಪೆಟ್ಟಿಗೆ ಮೇಜಿನ ಮೇಲಿನ ಗಣಕಕ್ಕೆ ಬಂದ ಬಗೆ ಸ್ವಾರಸ್ಯಕರ. 1980ರಲ್ಲಿ ಶುಗಾರ್ಟ್ ಟೆಕ್ನಾಲಜಿ, ಅಂದರೆ ಮುಂದೆ ಸೀಗೇಟ್ ಎಂದು ಹೆಸರಾದ ಕಂಪನಿ, ಎಸ್‌ಟಿ-506 ಎಂಬ 5 ಎಂಬಿಯ ಡ್ರೈವನ್ನು ಹೊರತಂದಿತು. ಅದರ ಜಾಣ್ಮೆ ಅಳತೆಯಲ್ಲಿತ್ತು. ಆಗಾಗಲೇ ಬಳಕೆಯಲ್ಲಿದ್ದ 5.25 ಅಂಗುಲದ ಫ್ಲಾಪಿ ಡ್ರೈವಿನ ಜಾಗಕ್ಕೇ ಅದು ಸರಿಯಾಗಿ ಕೂರುತ್ತಿತ್ತು. ಗಣಕದ ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಬೇಕಿರಲಿಲ್ಲ, ಒಂದು ಫ್ಲಾಪಿಯನ್ನು ತೆಗೆದರೆ ಸಾಕು. 1983ರ ಮಾರ್ಚಿನಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್‌ಡಿಸ್ಕನ್ನು ಇಟ್ಟು ಮಾರತೊಡಗಿತು. ಎ ಮತ್ತು ಬಿ ಎಂಬ ಅಕ್ಷರಗಳು ಎರಡು ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದ ಹಾರ್ಡ್‌ಡಿಸ್ಕಿಗೆ ದಕ್ಕಿದ್ದು ಮೂರನೆಯ ಅಕ್ಷರ. ಫ್ಲಾಪಿಗಳು ಕಾಲವಾದವು, ಸಿ ಮಾತ್ರ ಇಂದಿಗೂ ತನ್ನ ಸ್ಥಾನದಲ್ಲೇ ಉಳಿದಿದೆ.

ಡಿಸ್ಕು ದೊಡ್ಡದಾದಂತೆ ಬೇರೊಂದು ತೊಡಕು ಎದುರಾಯಿತು. ತಂತ್ರಾಂಶ ತನ್ನ ಕಾಲದ ಅಳತೆಗೆ ಸೂರು ಹಾಕಿಕೊಂಡಿತ್ತು. 1987ರ ಡಾಸ್ 3.3ರವರೆಗೂ ಒಂದು ಪಾರ್ಟಿಷನ್ 32 ಎಂಬಿಗಿಂತ ಹಿರಿದಾಗುವಂತಿರಲಿಲ್ಲ. ಆ ಆವೃತ್ತಿ ಒಂದೇ ಡಿಸ್ಕನ್ನು ಹಲವು ಭಾಗ ಮಾಡಿ ಡಿ, ಇ, ಎಫ್ ಎಂದು ಕರೆಯುವ ಏರ್ಪಾಡು ಮಾಡಿತು. ಸೂರು ಮುಂದೆ 2 ಜಿಬಿಗೆ, ಆಮೇಲೆ ಇನ್ನೂ ಮೇಲಕ್ಕೆ ಏರಿತು. ಅನಿವಾರ್ಯತೆ ಕಳೆದರೂ ವಿಭಜನೆಯ ಪದ್ಧತಿ ಉಳಿಯಿತು. 'ಸಿ ವಿಂಡೋಸಿಗೆ, ಡಿ ನಮಗೆ' ಎಂಬುದು ನಮ್ಮ ದೇಶದ ಕಂಪ್ಯೂಟರ್ ಅಂಗಡಿಗಳಲ್ಲಿ ಎರಡು ದಶಕಗಳ ಕಾಲ ಶಾಸ್ತ್ರವಾಕ್ಯದಂತೆ ನಡೆದುಬಂತು. ವಿಂಡೋಸ್ ಕೆಟ್ಟು ಸಿಯನ್ನು ಅಳಿಸಬೇಕಾಗಿ ಬಂದರೂ ಡಿಯಲ್ಲಿದ್ದದ್ದು ಉಳಿಯುತ್ತದೆಂಬ ವಿವೇಕ ಅದರಲ್ಲಿತ್ತು. ಸಿಗೆ ಕಡಿಮೆ ಜಾಗ ಕೊಟ್ಟು ಡಿಗೆ ಹೆಚ್ಚು ಕೊಡುವ ಪರಿಪಾಠವೂ ಆಗಲೇ ಬೆಳೆಯಿತು. ಸಿ ಡ್ರೈವಿನ ಇಕ್ಕಟ್ಟಿಗೆ ಹೀಗೊಂದು ಹಳೆಯ ಬೇರುಂಟು.

ಲ್ಯಾಪ್‌ಟಾಪಿಗೆ ಹಾರ್ಡ್‌ಡಿಸ್ಕ್ ತಡವಾಗಿ ಬಂತು. 1985ರ ತೋಷಿಬಾ ಟಿ1100 ಫ್ಲಾಪಿಯನ್ನೇ ನೆಚ್ಚಿದ್ದ ಯಂತ್ರ. ಮರುವರ್ಷದ ಟಿ3100ರಲ್ಲಿ 10 ಎಂಬಿಯ ಡಿಸ್ಕಿತ್ತು. 1988ರಲ್ಲಿ ಪ್ರೇರಿಟೆಕ್ ಎಂಬ ಅಮೆರಿಕದ ಕಂಪನಿ 2.5 ಅಂಗುಲದ, 20 ಎಂಬಿಯ ಡ್ರೈವನ್ನು ಹೊರತಂದಿತು. ಕಂಪನಿ ಬಹುಕಾಲ ಬಾಳಲಿಲ್ಲ, ಅದು ಕೊಟ್ಟ ಅಳತೆ ಬಾಳಿತು. ಇದಕ್ಕೆ ಜೊತೆಯಾದದ್ದು ಡ್ರೈವಿನೊಳಗೇ ಅದರ ನಿಯಂತ್ರಕವನ್ನು ಇಡುವ ಐಡಿಇ ಪದ್ಧತಿ. 1980ರ ದಶಕದ ನಡುವಿನಲ್ಲಿ ಹುಟ್ಟಿದ ಅದು 1994ರಲ್ಲಿ ಎಟಿಎ ಎಂಬ ಹೆಸರಿನಲ್ಲಿ ಅಧಿಕೃತ ಮಾನಕವಾಯಿತು. 2003ರಲ್ಲಿ ಅದರ ಉತ್ತರಾಧಿಕಾರಿಯಾಗಿ ಸಾಟಾ ಬಂತು. ಅಳತೆ ಒಂದು, ಕನೆಕ್ಟರ್ ಒಂದು, ಸ್ಕ್ರೂಗಳ ಸ್ಥಾನ ಒಂದು: ಹೀಗೆ ಪೈಪೋಟಿಯ ಕಂಪನಿಗಳು ಒಪ್ಪಂದಕ್ಕೆ ಬಂದುದರಿಂದಲೇ ಒಬ್ಬರ ಲ್ಯಾಪ್‌ಟಾಪಿಗೆ ಇನ್ನೊಬ್ಬರ ಡ್ರೈವ್ ಹೊಂದುವಂತಾಯಿತು. ನಮ್ಮ ಊರುಗಳ ರಿಪೇರಿ ಬೀದಿಗಳು ನಿಂತಿರುವುದು ಈ ಒಪ್ಪಂದದ ಮೇಲೆ. ರಾಮ್ಯಾಕ್ ಕಾಲದಲ್ಲಿ ಕಂಪನಿಯ ಎಂಜಿನಿಯರ್ ಮಾಡಬೇಕಿದ್ದ ಕೆಲಸವನ್ನು ಗಲ್ಲಿಯ ಹುಡುಗನೊಬ್ಬ ಮಾಡಬಲ್ಲವನಾದ.

ಮುಂದಿನ ಹೆಚ್ಚಳ ಬೆರಗು ಹುಟ್ಟಿಸುವಂಥದು. 1988ರಲ್ಲಿ ಫ್ರಾನ್ಸಿನ ಆಲ್ಬರ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಪ್ರತ್ಯೇಕವಾಗಿ ಕಂಡುಕೊಂಡ ದೈತ್ಯ ಕಾಂತರೋಧ ಎಂಬ ಪರಿಣಾಮವನ್ನು ಐಬಿಎಂ 1997ರಲ್ಲಿ ಡಿಸ್ಕಿನ ಓದುವ ತಲೆಗೆ ಅಳವಡಿಸಿತು. ಬಹಳ ಸಣ್ಣ ಕಾಂತಬಿಂದುವನ್ನೂ ಗುರುತಿಸಬಲ್ಲ ತಲೆ ಸಿಕ್ಕಿದ್ದರಿಂದ ಬಿಂದುಗಳನ್ನು ಒತ್ತೊತ್ತಾಗಿ ಬರೆಯುವುದು ಸಾಧ್ಯವಾಯಿತು. 2007ರ ಭೌತವಿಜ್ಞಾನದ ನೊಬೆಲ್ ಆ ಇಬ್ಬರಿಗೆ ಸಂದಿತು. 2010ರ ಹೊತ್ತಿಗೆ ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ 320 ಅಥವಾ 500 ಜಿಬಿಯ ಹಾರ್ಡ್‌ಡಿಸ್ಕ್ ಇರುತ್ತಿತ್ತು.

ಹಾಗಿದ್ದರೆ ಆಮೇಲಿನ ಲ್ಯಾಪ್‌ಟಾಪುಗಳಲ್ಲಿ 128 ಜಿಬಿ, ಕೆಲವೆಡೆ 32 ಜಿಬಿ ಮಾತ್ರ ಏಕೆ? ಮುಂದೆ ನಡೆದ ಚರಿತ್ರೆ ಇಲ್ಲಿ ಒಂದು ಹೆಜ್ಜೆ ಹಿಂದಕ್ಕಿಟ್ಟಿತು, ಅದೂ ಸಕಾರಣವಾಗಿಯೇ.

ತಿರುಗುವ ತಟ್ಟೆಯ ದೌರ್ಬಲ್ಯ ಕಾಯಿಸುವುದರಲ್ಲಿದೆ. ತಲೆ ಸರಿಯಾದ ಜಾಡಿಗೆ ಸರಿಯಬೇಕು, ಬೇಕಾದ ಬಿಂದು ಸುತ್ತಿಕೊಂಡು ಅದರ ಕೆಳಗೆ ಬರಬೇಕು. ಒಂದೊಂದು ಓದಿಗೂ ಹತ್ತಾರು ಮಿಲಿಸೆಕೆಂಡು. ವಿಂಡೋಸ್ ಏಳುವಾಗ ಚದುರಿದ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾದುದರಿಂದ ಆ ಕಾಯುವಿಕೆ ನಿಮಿಷಗಳಾಗಿ ಬೆಳೆಯುತ್ತದೆ. ತೋಷಿಬಾದಲ್ಲಿದ್ದ ಜಪಾನಿನ ಫುಜಿಯೊ ಮಸುವೊಕ 1984ರಲ್ಲಿ ಫ್ಲಾಷ್ ಸ್ಮೃತಿಯನ್ನೂ 1987ರಲ್ಲಿ ಅದರ ನ್ಯಾಂಡ್ ರೂಪವನ್ನೂ ವಿದ್ವತ್‌ಲೋಕದ ಮುಂದಿಟ್ಟರು. ಅಲ್ಲಿ ತಿರುಗುವುದೇನೂ ಇಲ್ಲ. ನಿರೋಧಕದ ನಡುವೆ ಸೆರೆಯಾದ ವಿದ್ಯುದಂಶವೇ ದಾಖಲೆ. ವಿದ್ಯುತ್ತು ಹೋದರೂ ಅದು ಅಲ್ಲೇ ಉಳಿಯುತ್ತದೆ. 1991ರಲ್ಲಿ ಸನ್‌ಡಿಸ್ಕ್ ಎಂಬ ಕಂಪನಿ, ಈಗಿನ ಸ್ಯಾನ್‌ಡಿಸ್ಕ್, ಐಬಿಎಂಗಾಗಿ 20 ಎಂಬಿಯ ಫ್ಲಾಷ್ ಡ್ರೈವೊಂದನ್ನು ಮಾಡಿಕೊಟ್ಟಿತು. ಬೆಲೆ ಸುಮಾರು 1,000 ಡಾಲರ್. ಆ ಕಂಪನಿಯನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಅವರ ಡ್ರೈವಿನ ಅಳತೆಯೂ 2.5 ಅಂಗುಲವೇ. ಹೊಸ ವಸ್ತು ಹಳೆಯ ಜಾಗಕ್ಕೆ ಹೊಂದಿಕೊಂಡೇ ಬಂತು.

ವೇಗ ಹೆಚ್ಚು, ಬೆಲೆಯೂ ಹೆಚ್ಚು. ಆದ್ದರಿಂದ ಲ್ಯಾಪ್‌ಟಾಪಿನೊಳಕ್ಕೆ ಬರುವಾಗ ಅದು ಚಿಕ್ಕದಾಗಿ ಬಂತು. 2007ರ ಆಸುಸ್ ಈ ಪಿಸಿಯಲ್ಲಿ 4 ಜಿಬಿ, 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಹೆಚ್ಚಿನ ಹಣ ಕೊಟ್ಟವರಿಗೆ 64 ಜಿಬಿ. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಮಹಾಪೂರ ಅಲ್ಲಿನ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಗಳನ್ನು ಮುಳುಗಿಸಿತು. ಲೋಕದ ಹಾರ್ಡ್‌ಡಿಸ್ಕ್ ಬೆಲೆಗಳು ಒಮ್ಮೆಲೇ ಏರಿದವು. ಫ್ಲಾಷ್‌ನ ಬೆಲೆ ಮಾತ್ರ ವರ್ಷ ವರ್ಷ ಇಳಿಯುತ್ತಲೇ ಹೋಯಿತು. ವಿಂಡೋಸಿಗಷ್ಟೇ ಸಾಲುವ ಸಣ್ಣ ಎಸ್‌ಎಸ್‌ಡಿ, ಉಳಿದದ್ದಕ್ಕೆ 1 ಟಿಬಿಯ ಹಾರ್ಡ್‌ಡಿಸ್ಕ್ ಎಂಬ ಜೋಡಿ ವ್ಯವಸ್ಥೆ ಆ ಕಾಲದ ರಾಜಿ ಸೂತ್ರ. 'ಸಿ ವಿಂಡೋಸಿಗೆ, ಡಿ ನಮಗೆ' ಎಂಬ ಹಳೆಯ ವಾಕ್ಯ ಈಗ ಎರಡು ಬೇರೆ ಬೇರೆ ವಸ್ತುಗಳಲ್ಲಿ ಮೂರ್ತಗೊಂಡಿತು. ಲ್ಯಾಪ್‌ಟಾಪ್ ತೆಳ್ಳಗಾದಾಗ ಹಾರ್ಡ್‌ಡಿಸ್ಕಿನ ಜಾಗ ಹೋಯಿತು, ಸಣ್ಣ ಸಿ ಒಂಟಿಯಾಗಿ ಉಳಿಯಿತು.

ಇದೇ ಹೊತ್ತಿನಲ್ಲಿ ತಂತ್ರಾಂಶದ ಹಸಿವು ಬೆಳೆಯುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಕೇಳಿದ್ದು 1.5 ಜಿಬಿ. 2009ರ ವಿಂಡೋಸ್ 7 ಕೇಳಿದ್ದು 16ರಿಂದ 20 ಜಿಬಿ. 2021ರ ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿಯ ಡ್ರೈವ್ ಬೇಕು. ಕೆಳಗಿನ ನೆಲ ಕುಗ್ಗಿದ ಕಾಲದಲ್ಲೇ ಮೇಲಿನ ಮನೆ ಹಿಗ್ಗಿತು. 2014ರ ಕೊನೆಯಲ್ಲಿ ಬಂದ ಎಚ್‌ಪಿ ಸ್ಟ್ರೀಮ್‌ನಂಥ ಅಗ್ಗದ ಯಂತ್ರಗಳು 32 ಜಿಬಿಯ ಇಎಂಎಂಸಿ ಸಂಗ್ರಹವನ್ನು ಹೊತ್ತು ಬಂದವು, ಜೊತೆಗೆ ಒಂದು ವರ್ಷದ ಮಟ್ಟಿಗೆ 1 ಟಿಬಿ ಕ್ಲೌಡ್ ಸಂಗ್ರಹದ ಉಡುಗೊರೆ. ವಿಂಡೋಸಿನ ದೊಡ್ಡ ಪರಿಷ್ಕರಣೆಗಳು ಅಂಥ ಯಂತ್ರಗಳಲ್ಲಿ ಜಾಗವಿಲ್ಲದೆ ಅರ್ಧದಲ್ಲೇ ನಿಲ್ಲುತ್ತಿದ್ದುದು ಸಾಮಾನ್ಯ ಅನುಭವ. ಪರಿಷ್ಕರಣೆ ನಿಂತರೆ ಭದ್ರತೆಯೂ ನಿಂತಂತೆ.

ಫ್ಲಾಷ್ ಡ್ರೈವಿನ ಇನ್ನೊಂದು ಗುಣವನ್ನು ಇಲ್ಲಿ ಹೇಳಬೇಕು. ಬರೆದಿದ್ದರ ಮೇಲೆಯೇ ಅದು ಮತ್ತೆ ಬರೆಯಲಾರದು. ಮೊದಲು ಒಂದು ದೊಡ್ಡ ಖಂಡವನ್ನೇ ಅಳಿಸಬೇಕು, ಅಳಿಸಿದಷ್ಟೂ ಕೋಶಗಳು ಸವೆಯುತ್ತವೆ. ಸವೆತವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚಲು ಒಳಗಿನ ನಿಯಂತ್ರಕ ದತ್ತಾಂಶವನ್ನು ಸದಾ ಸ್ಥಳಾಂತರಿಸುತ್ತಿರುತ್ತದೆ. ಅದಕ್ಕೆ ಖಾಲಿ ಜಾಗ ಬೇಕು. ತುಂಬಿ ತುಳುಕುವ ಡ್ರೈವ್ ನಿಧಾನವಾಗುವುದು, ಬೇಗ ಸವೆಯುವುದು ಇದರಿಂದ. ಸಣ್ಣ ಡ್ರೈವನ್ನು ಬದಲಿಸುವುದೆಂದರೆ ಜಾಗ ಗಳಿಸುವುದಷ್ಟೇ ಆಗದೆ ಯಂತ್ರಕ್ಕೆ ಉಸಿರಾಡಲು ಅವಕಾಶ ಕೊಡುವುದೂ ಆಗುತ್ತದೆ.

ಆ ಬದಲಾವಣೆ ಇಂದು ಸಲೀಸಾಗಿರುವುದು ಮತ್ತೊಂದು ಮಾನಕದಿಂದ. 2013ರ ಸುಮಾರಿಗೆ ಬಳಕೆಗೆ ಬಂದ ಎಂ.2 ಡ್ರೈವುಗಳಲ್ಲಿ ಹೆಚ್ಚು ಪ್ರಚಲಿತವಾದದ್ದು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪಟ್ಟಿ. ಒಂದು ತುದಿ ಕನೆಕ್ಟರಿನಲ್ಲಿ, ಇನ್ನೊಂದು ತುದಿಗೆ ಒಂದೇ ಸ್ಕ್ರೂ. ಕೆಲವು ಸಾಟಾ ಭಾಷೆಯನ್ನೂ ಕೆಲವು 2011ರಲ್ಲಿ ರೂಪುಗೊಂಡ ಎನ್‌ವಿಎಂಇ ಭಾಷೆಯನ್ನೂ ಆಡುವುದರಿಂದ, ಲ್ಯಾಪ್‌ಟಾಪಿಗೆ ಯಾವುದು ತಿಳಿಯುತ್ತದೆಂದು ಮೊದಲೇ ನೋಡಿಕೊಳ್ಳಬೇಕು. ಹೊಸ ಡ್ರೈವನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹೊರಗಿನಿಂದ ಜೋಡಿಸಿ, ಹಳೆಯದರ ಪೂರ್ಣ ನಕಲನ್ನು ಅದಕ್ಕೆ ಇಳಿಸಿ, ಆಮೇಲೆ ಎರಡನ್ನೂ ಅದಲುಬದಲು ಮಾಡುವುದು ವಾಡಿಕೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಡ್ರೈವು ತಾನಾಗಿಯೇ ಗೂಢಲಿಪೀಕರಣಗೊಂಡಿರುತ್ತದೆ. ಬಿಟ್‌ಲಾಕರ್‌ನ 48 ಅಂಕಿಗಳ ಮರುಪಡೆ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳದವರು ತಮ್ಮದೇ ಮನೆಯ ಹೊರಗೆ ನಿಲ್ಲಬೇಕಾದೀತು.

ನಕಲು ಮುಗಿದ ಮೇಲೆ ಹಲವರು ಕಕ್ಕಾಬಿಕ್ಕಿಯಾಗುವುದುಂಟು. ಡ್ರೈವು 512 ಜಿಬಿಯದು, ಸಿ ಮಾತ್ರ ಹಿಂದಿನಷ್ಟೇ. ಸಿಯ ಪಕ್ಕದಲ್ಲಿ ಮರುಸ್ಥಾಪನೆಯ ಪಾರ್ಟಿಷನ್ ಕುಳಿತಿರುತ್ತದೆ, ಹೊಸ ಜಾಗ ಅದರಾಚೆ ಬಿದ್ದಿರುತ್ತದೆ. ವಿಂಡೋಸಿನ ಸ್ವಂತ ಸಲಕರಣೆ ಪಕ್ಕಕ್ಕೆ ಹೊಂದಿಕೊಂಡ ಖಾಲಿ ಜಾಗಕ್ಕೆ ಮಾತ್ರ ಸಿಯನ್ನು ಚಾಚಬಲ್ಲದು. ನಡುವಿನ ಪಾರ್ಟಿಷನ್ನನ್ನು ಬೇರೆ ತಂತ್ರಾಂಶದಿಂದ ಕೊನೆಗೆ ಸರಿಸಿದ ಮೇಲೆಯೇ ಬೇಲಿ ತೆರವಾಗುವುದು. ಡಾಸ್ ಕಾಲದಲ್ಲಿ ಹಾಕಿದ ಗೆರೆಗಳ ಪದ್ಧತಿ ಇಂದಿಗೂ ನಮ್ಮ ದಾರಿಗೆ ಅಡ್ಡ ಬರುತ್ತದೆಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಡ.

ಈ ಜಾಗವನ್ನು ತುಂಬುವುದೇನು ಎಂಬ ಪ್ರಶ್ನೆಗೆ ಕನ್ನಡದ ಕಡೆಯಿಂದಲೂ ಉತ್ತರ ಹೇಳಬಹುದು. 1991ರ ಇಸ್ಕಿ ಮಾನಕದಲ್ಲಿ ನಮ್ಮ ಒಂದೊಂದು ಅಕ್ಷರಸಂಕೇತಕ್ಕೂ ಒಂದು ಬೈಟ್ ಸಾಕಿತ್ತು. ಇಂದಿನ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಅದಕ್ಕೆ ಮೂರು ಬೈಟ್. 'ಕನ್ನಡ' ಎಂಬ ಪದದಲ್ಲಿ ವಿರಾಮ ಚಿಹ್ನೆಯೂ ಸೇರಿ ಐದು ಸಂಕೇತ, ಅಂದರೆ 15 ಬೈಟ್. ಆ ಲೆಕ್ಕದಲ್ಲಿ ಒಂದು ಟನ್ನಿನ ರಾಮ್ಯಾಕ್ 'ಕನ್ನಡ' ಎಂದು ಎರಡೂವರೆ ಲಕ್ಷ ಬಾರಿ ಬರೆದು ತುಂಬಿಹೋಗುತ್ತಿತ್ತು. ಆದರೂ ಅಕ್ಷರ ಹಗುರವೇ. ಭಾರವಿರುವುದು ಅದರ ಚಿತ್ರದಲ್ಲಿ. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐನಲ್ಲಿ ವರ್ಣಸಹಿತ ಸ್ಕ್ಯಾನ್ ಮಾಡಿದರೆ, ಕುಗ್ಗಿಸದ ರೂಪದಲ್ಲಿ ಅದು ಸುಮಾರು 26 ಎಂಬಿ, ಏಳು ರಾಮ್ಯಾಕ್‌ಗಳಷ್ಟು. 200 ಪುಟದ ಪುಸ್ತಕ 5 ಜಿಬಿ ದಾಟುತ್ತದೆ. ಹೊರನಾಡಿನ ಸಂಘಗಳ ಹಳೆಯ ಸಂಚಿಕೆಗಳನ್ನು, ನಾಟಕದ ಕರಪತ್ರಗಳನ್ನು, ಮನೆಯ ಪತ್ರಗಳನ್ನು ಸ್ಕ್ಯಾನ್ ಮಾಡಿ ಉಳಿಸಲು ಕೈಹಾಕಿದವರಿಗೆ 128 ಜಿಬಿ ಎಷ್ಟು ಬೇಗ ಕರಗುತ್ತದೆಂದು ಗೊತ್ತು.

ಅಂಥವರಿಗೆ ಡ್ರೈವ್ ಬದಲಾವಣೆ ಒಂದು ತನಿಖೆಯ ಸಂದರ್ಭವೂ ಹೌದು. ಯೂನಿಕೋಡ್ ರೂಢಿಯಾಗುವ ಮುಂಚಿನ ನುಡಿ, ಬರಹ ಕಡತಗಳಲ್ಲಿ ಕನ್ನಡ ಅಕ್ಷರಗಳ ಬದಲು ಆಯಾ ಫಾಂಟಿನ ಚೂರುಗಳ ಸಂಕೇತಗಳಿವೆ. ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ಗೊಂದಲವಷ್ಟೇ ಕಾಣುತ್ತದೆ. ಡ್ರೈವಿನಿಂದ ಡ್ರೈವಿಗೆ ನಕಲಿಸಿದ ಮಾತ್ರಕ್ಕೆ ಬರಹ ಉಳಿಯಲಿಲ್ಲ. ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದಾಗಲೇ ಅದು ನಮ್ಮ ಮುಂದಿನವರಿಗೆ ಓದಲು ಸಿಗುವುದು. ಬಿಚ್ಚಿ ತೆಗೆದ ಹಳೆಯ ಡ್ರೈವನ್ನು ಬೀರುವಿನಲ್ಲಿಟ್ಟು ನಿಶ್ಚಿಂತರಾಗುವಂತೆಯೂ ಇಲ್ಲ. ವಿದ್ಯುತ್ ಕಾಣದೆ ವರ್ಷಗಟ್ಟಲೆ ಉಳಿದ ಫ್ಲಾಷ್‌ನಲ್ಲಿ ಸೆರೆಯಾದ ವಿದ್ಯುದಂಶ ಮೆಲ್ಲಗೆ ಸೋರಬಲ್ಲದು. ದೀರ್ಘಕಾಲದ ಪ್ರತಿಗೆ ಆ ಹಳೆಯ ತಿರುಗುವ ತಟ್ಟೆಯೇ ಇನ್ನೂ ಹೆಚ್ಚು ನೆಚ್ಚಿಕೆಯದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. 2018ರ ಮ್ಯಾಕ್‌ಬುಕ್ ಏರ್‌ನಲ್ಲಿ ಸಂಗ್ರಹದ ಚಿಪ್ಪುಗಳು ಮುಖ್ಯಫಲಕಕ್ಕೇ ಬೆಸುಗೆಯಾಗಿದ್ದವು. ಅಗ್ಗದ ತುದಿಯ ಇಎಂಎಂಸಿ ಯಂತ್ರಗಳಲ್ಲೂ ಅಷ್ಟೇ. ತೆಳುತನ, ಬಿಗಿತ, ತಯಾರಿಕೆಯ ಉಳಿತಾಯ ಎಂಬ ಸಮರ್ಥನೆಗಳು ಸುಳ್ಳಲ್ಲ. ಪರಿಣಾಮ ಮಾತ್ರ ಸ್ಪಷ್ಟ: ಮುಂದಿನ ಐದಾರು ವರ್ಷಗಳಿಗೆ ಎಷ್ಟು ಜಾಗ ಬೇಕೆಂದು ಕೊಳ್ಳುವ ದಿನವೇ ಊಹಿಸಿ, ತಯಾರಕ ಹೇಳಿದ ಬೆಲೆಗೆ ಕೊಳ್ಳಬೇಕು. ಸಾಲದಿದ್ದರೆ ಉಳಿಯುವ ಸುಲಭದ ದಾರಿ ಕ್ಲೌಡ್, ಅಂದರೆ ತಿಂಗಳ ಬಾಡಿಗೆ. 1956ರಲ್ಲಿ ಕಂಪನಿಯ ತಟ್ಟೆಗೆ ಬಾಡಿಗೆ ಕೊಡುತ್ತಿದ್ದ ಗ್ರಾಹಕ, ನಡುವೆ ಕೆಲವು ದಶಕ ಸ್ವಂತ ಜಾಗದ ಒಡೆಯನಾಗಿದ್ದು, ಪುನಃ ಬಾಡಿಗೆಯ ಬಾಗಿಲಿಗೆ ಬಂದು ನಿಂತಿದ್ದಾನೆ.

ಎದುರು ದಿಕ್ಕಿನ ಹೆಜ್ಜೆಗಳೂ ಇವೆ. ಫ್ರೇಮ್‌ವರ್ಕ್ ಎಂಬ ಕಂಪನಿ 2021ರಿಂದ, ಒಡೆಯನೇ ಬಿಚ್ಚಿ ಬದಲಿಸಬಹುದಾದ ಭಾಗಗಳಿರುವ ಲ್ಯಾಪ್‌ಟಾಪುಗಳನ್ನು ಮಾರುತ್ತಿದೆ. ನಮ್ಮ ದೇಶದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿಯೊಂದನ್ನು ರಚಿಸಿತು; ಅದೇ ಡಿಸೆಂಬರಿನಲ್ಲಿ ಅದಕ್ಕೆಂದೇ ಒಂದು ಜಾಲತಾಣವೂ ಬಂತು. ಎಂ.2 ಜಾಗವಿರುವ ಲ್ಯಾಪ್‌ಟಾಪುಗಳು ಮಾರುಕಟ್ಟೆಯಲ್ಲಿ ಇನ್ನೂ ಹೇರಳ.

ಕ್ಲೌಡನ್ನು ದೂರಬೇಕೆಂಬುದು ನಮ್ಮ ಆಶಯವಲ್ಲ. ಎರಡನೆಯ ಪ್ರತಿಯ ತಾಣವಾಗಿ ಅದು ಉಪಯುಕ್ತವೇ. ಒಂದೇ ಪ್ರತಿಯನ್ನು ಬಾಡಿಗೆಮನೆಯಲ್ಲಿಟ್ಟು, ಬಾಡಿಗೆ ತಪ್ಪಿದ ದಿನ ಏನಾದೀತೆಂದು ಯೋಚಿಸದಿರುವುದು ಮಾತ್ರ ವಿವೇಕವೆನಿಸದು. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರೊಸೆಸರಿನ ಹೆಸರನ್ನೂ ಪರದೆಯ ಅಳತೆಯನ್ನೂ ಕೇಳುವ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇದರ ಡ್ರೈವನ್ನು ತೆಗೆಯಬಹುದೆ? ಹೌದೆನ್ನುವ ಯಂತ್ರವನ್ನು ಕೊಳ್ಳುವವರು ಸಾಕಷ್ಟು ಮಂದಿ ಇರುವವರೆಗೆ ಆ ಒಂದು ಸ್ಕ್ರೂ ತನ್ನ ಸ್ಥಾನದಲ್ಲಿ ಉಳಿದೀತು.